ಟೊರಾಂಟೊ ಕಡೆಯಿಂದ – 17: ತಾರಿ ದಾಟುವ ರಸ್ತೆ

ದೀಪಾವಳಿಗೆ ಮೊದಲೇ ಬರೆಯುತ್ತೇನೆ ಅಂದಿದ್ದೆ, ಆಗಲಿಲ್ಲ. ಸಾಲಾಗಿ ನೈಟ್ ಡ್ಯೂಟಿ ಬಿತ್ತು. ಈಗ ಮೂರು ದಿನ ರಜೆ ಸಿಕ್ಕಿದೆ. ಒಂದು ದಿನ ಪೂರ್ತಿ ಮಲಗಿ, ಎರಡನೇ ದಿನ ಇದನ್ನು ಬರೆಯಲು ಕೂತಿದ್ದೇನೆ. ಉದ್ದ ಇದೆ. ಚಾ ಮಾಡಿಕೊಂಡು ಓದಿ.

ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ರಜೆಯಲ್ಲಿ ನಾವು, ಅಂದರೆ ನಾನು, ನಮ್ಮನೆಯವರು, ಮಗಳು, ಮಿಸಿಸಾಗದಿಂದ ಕಿಂಗ್‌ಸ್ಟನ್ ಊರಿನ ತನಕ ಕಾರಿನಲ್ಲಿ ಹೋಗಿ ಬಂದೆವು. 401 ಹೆದ್ದಾರಿ ಹಿಡಿದರೆ ಮೂರು ಗಂಟೆ ಸಾಕು. ನಾವು ಅರ್ಧ ದಾರಿಯಲ್ಲಿ ಅದನ್ನು ಬಿಟ್ಟು, ನೀರಿನ ಬದಿಯಲ್ಲೇ ಸಾಗುವ 33ನೇ ನಂಬರಿನ ಹಳೇ ರಸ್ತೆ ಹಿಡಿದೆವು. ಆ ರಸ್ತೆಗೆ ಲಾಯಲಿಸ್ಟ್ ಪಾರ್ಕ್‌ವೇ ಅಂತ ಹೆಸರು. 1984ರಲ್ಲಿ ಎಲಿಜಬೆತ್ ರಾಣಿ ಬಂದು ಆ ಹೆಸರಿನಲ್ಲಿ ಉದ್ಘಾಟಿಸಿ ಹೋಗಿದ್ದಾರೆ. ಟ್ರೆಂಟನ್‌ನಿಂದ ಕಿಂಗ್‌ಸ್ಟನ್ ವರೆಗೆ ಹೆಚ್ಚುಕಡಿಮೆ 94 ಕಿ.ಮೀ. ನಡುವೆ ಒಂದು ಕಡೆ ರಸ್ತೆ ನೀರಿಗೆ ಬಂದು ನಿಂತುಬಿಡುತ್ತದೆ. ಮುಂದೆ ಸೇತುವೆ ಇಲ್ಲ, ತಾರಿ ಇದೆ. ತಾರಿ ದಾಟಿದ ಮೇಲೆ ಅದೇ ನಂಬರಿನ ರಸ್ತೆ ಮತ್ತೆ ಶುರು.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: "ತಾರಿಗೆ ಎಷ್ಟು ಕೊಡ್ಬೇಕೇ?"

"ಪುಕ್ಕಟೆ ಅಮ್ಮ. ಕಾರಿಗೂ ಪುಕ್ಕಟೆ, ಜನಕ್ಕೂ ಪುಕ್ಕಟೆ."

"ಸುಳ್ಳು ಹೇಳ್ಬೇಡ."

ಸುಳ್ಳಲ್ಲ. ಆ ತಾರಿಯೂ ಸರ್ಕಾರಿ ರಸ್ತೆಯ ಒಂದು ತುಂಡು ಅಂತ ಲೆಕ್ಕ. ಒಂಟಾರಿಯೊ ಪ್ರಾಂತ್ಯದ ಸಾರಿಗೆ ಇಲಾಖೆಯೇ ನಡೆಸುತ್ತದೆ. ವರ್ಷವಿಡೀ, ಚಳಿಗಾಲದಲ್ಲೂ ಓಡುತ್ತದೆ.

ಸಮುದ್ರದ ಬದಿ ರಸ್ತೆ ಅಂತ ತಿಳಿದುಕೊಂಡವರಿಗೆ ಒಂದು ಮಾತು. ಇದು ಸಮುದ್ರ ಅಲ್ಲ, ಒಂಟಾರಿಯೊ ಸರೋವರ. ಸುಮಾರು 19,000 ಚದರ ಕಿ.ಮೀ. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಯನ್ನು ತಂದು ಇದರೊಳಗೆ ಇಟ್ಟರೂ ಇನ್ನೂ ಮುಕ್ಕಾಲು ಜಿಲ್ಲೆಯಷ್ಟು ಜಾಗ ಉಳಿಯುತ್ತದೆ. ಆಚೆ ದಡ ಕಾಣುವುದಿಲ್ಲ. ತೆರೆ ಏಳುತ್ತದೆ, ಮರಳಿದೆ, ದೀಪಸ್ತಂಭ ಇದೆ, ಹಡಗು ಮುಳುಗಿದ ಕಥೆಗಳಿವೆ. ಉಪ್ಪಿನ ವಾಸನೆ ಒಂದಿಲ್ಲ. ಮೊದಲ ಸಲ ನೋಡಿದಾಗ ನನಗೆ ಆ ವಾಸನೆ ಇಲ್ಲದ್ದೇ ವಿಚಿತ್ರ ಅನಿಸಿತ್ತು, ಒಣಮೀನಿಲ್ಲದ ಕಾಸರಕೋಡಿನ ಹಾಗೆ.

ರಸ್ತೆಯ ಕಥೆ ಟೊರಾಂಟೊದಿಂದಲೇ ಶುರುವಾಗುತ್ತದೆ. ಟೊರಾಂಟೊದ ಪೂರ್ವಕ್ಕೆ ಡ್ಯಾನ್‌ಫೋರ್ತ್ ಅವೆನ್ಯೂ ಅಂತ ಒಂದು ದೊಡ್ಡ ಬೀದಿ. ಗ್ರೀಕರ ಹೋಟೆಲುಗಳಿಗೆ ಹೆಸರುವಾಸಿ. ನಾನು ಮೊದಲು ಬಂದಾಗ ಆ ಬೀದಿಯ ಹತ್ತಿರವೇ ನಾಲ್ಕು ಹುಡುಗಿಯರು ಸೇರಿ ಒಂದು ಬೇಸ್‌ಮೆಂಟ್ ಬಾಡಿಗೆಗೆ ಹಿಡಿದಿದ್ದೆವು. ಡ್ಯಾನ್‌ಫೋರ್ತ್ ಯಾರು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಏಸಾ ಡ್ಯಾನ್‌ಫೋರ್ತ್ ಅಮೆರಿಕದಿಂದ ಬಂದ ಒಬ್ಬ ಗುತ್ತಿಗೆದಾರ. ಆಗ ಟೊರಾಂಟೊದ ಹೆಸರು ಯಾರ್ಕ್, ಕೆಸರಿನ ಒಂದು ಸಣ್ಣ ಊರು. ಅಲ್ಲಿಂದ ಪೂರ್ವಕ್ಕೆ ಟ್ರೆಂಟ್ ನದಿಯ ತನಕ ಕಾಡು ಕಡಿದು ರಸ್ತೆ ಮಾಡಿಕೊಡಲು 1799ರ ಏಪ್ರಿಲ್ 9ರಂದು ಇವನೊಡನೆ ಕರಾರಾಯಿತು. ದರ ಮೈಲಿಗೆ 90 ಡಾಲರ್. ಅದೇ ಹೊತ್ತಿಗೆ ನಮ್ಮ ಕಡೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿ ನೋಡಿ. ಒಂದು ತಿಂಗಳು ತುಂಬುವುದರೊಳಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ನಮ್ಮ ಕರಾವಳಿ ಕಂಪನಿಯ ಕೈಗೆ ಹೋಯಿತು. ಅಲ್ಲೂ ಇಲ್ಲೂ ರಾಜ ಒಬ್ಬನೇ, ಮೂರನೇ ಜಾರ್ಜ್. ಎರಡು ವರ್ಷ ಕಳೆದು 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಕಂಪನಿಯ ಪರವಾಗಿ ನಮ್ಮ ಕೆನರಾ ಸೀಮೆಯನ್ನು ನೋಡಿಕೊಂಡು, ಹೊಳೆಗಳನ್ನು ದಾಟುತ್ತ, ಹೊನ್ನಾವರಕ್ಕೂ ಬಂದು ಹೋದ. ಏನು ಬೆಳೆಯುತ್ತಾರೆ, ಎಷ್ಟು ತೆರಿಗೆ ಎತ್ತಬಹುದು ಅಂತ ಬರೆದುಕೊಂಡ. ಹೊಸ ಸೀಮೆ ಕೈಗೆ ಬಂದರೆ ಮೊದಲು ದಾರಿ ಬೇಕು, ಆಮೇಲೆ ಲೆಕ್ಕ ಬೇಕು.

ಡ್ಯಾನ್‌ಫೋರ್ತ್ ರಸ್ತೆ ಮಾಡಿದ್ದು ಹೌದು. ಆದರೆ ಅದು ಯಾರಿಗೂ ಸಮಾಧಾನ ತರಲಿಲ್ಲ. ಬುಡ್ಡೆಗಳು ಹಾಗೇ ನಿಂತಿದ್ದವು, ತಗ್ಗಿನಲ್ಲಿ ಕೆಸರು. ಹಣದ ವಿಷಯಕ್ಕೆ ಸರ್ಕಾರಕ್ಕೂ ಅವನಿಗೂ ಜಗಳ ಹತ್ತಿ, ಅವನು ಮುನಿಸಿಕೊಂಡು ಹೋದ. ಜನ ಬೇಸಿಗೆಯಲ್ಲಿ ದೋಣಿ ಹಡಗುಗಳನ್ನೇ ನಂಬಿದರು. ಈಗ ಅವನ ಹೆಸರು ಹೊತ್ತಿರುವ ಆ ಬೀದಿಯನ್ನು ಅವನು ಕಟ್ಟಿದ್ದೇ ಅಲ್ಲ. ಗುತ್ತಿಗೆದಾರರ ಹೆಸರು ಹೀಗೂ ಉಳಿಯುತ್ತದೆ!

ರಸ್ತೆ ಕೆಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 401ರಲ್ಲಿ ಬ್ರೈಟನ್ ಹತ್ತಿರ ಬಂದಾಗ ಒಂದು ಕಥೆ ನೆನಪಿಸಿಕೊಳ್ಳಬೇಕು. ನಾನು ಅದನ್ನು ಕಾರಿನಲ್ಲಿ ಮಗಳಿಗೆ ಹೇಳಿದೆ. ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಿದ್ದವಳು ಫೋನ್ ಕೆಳಗಿಟ್ಟಳು, ಅಷ್ಟು ಸಾಕು ನನಗೆ.

ವಿಷಯ 1804ರದ್ದು. ಒಗೆಟೊನಿಕಟ್ ಎಂಬ ಮೂಲನಿವಾಸಿ ಯುವಕನ ಮೇಲೆ ಜಾನ್ ಶಾರ್ಪ್ ಎಂಬ ಬಿಳಿಯ ವ್ಯಾಪಾರಿಯನ್ನು ಕೊಂದ ಆರೋಪ. ಅದಕ್ಕೂ ಮೊದಲು ಒಗೆಟೊನಿಕಟ್‌ನ ಅಣ್ಣನನ್ನು ಒಬ್ಬ ಬಿಳಿಯ ಕೊಂದಿದ್ದ. ಅವನಿಗೆ ಶಿಕ್ಷೆ ಆಗಿರಲಿಲ್ಲ. ಆ ಸಿಟ್ಟಿಗೆ ಈ ಕೊಲೆ ಅಂತ ಹೇಳುತ್ತಾರೆ. ಕೊಲೆಯಾದ ಜಾಗ ಯಾವ ಜಿಲ್ಲೆಗೆ ಸೇರಿದೆಯೋ ಅಲ್ಲಿಯೇ ವಿಚಾರಣೆ ಆಗಬೇಕು. ಆ ಜಿಲ್ಲೆಗೆ ಪ್ರೆಸ್ಕೀಲ್ ಎಂಬ ಭೂಶಿರದಲ್ಲಿ ಹೊಸ ಜಿಲ್ಲಾಕೇಂದ್ರ ಮಾಡಹೊರಟಿದ್ದರು. ಹಾಗಾಗಿ ನ್ಯಾಯಾಧೀಶರು, ಸಾಲಿಸಿಟರ್ ಜನರಲ್, ವಕೀಲರು, ಸಾಕ್ಷಿಗಳು, ಆರೋಪಿ ಎಲ್ಲರನ್ನೂ ಸ್ಪೀಡಿ ಎಂಬ ಸರ್ಕಾರಿ ಹಡಗಿನಲ್ಲಿ ಯಾರ್ಕ್‌ನಿಂದ ಕಳಿಸಿದರು. ಹಡಗು ಕಟ್ಟಿ ಆರೇ ವರ್ಷ ಆಗಿತ್ತು, ಆದರೆ ಹಸಿ ಮರದಲ್ಲಿ ಕಟ್ಟಿದ್ದು. ಸೋರುತ್ತಿತ್ತು. ಕ್ಯಾಪ್ಟನ್ ಪ್ಯಾಕ್ಸ್‌ಟನ್‌ಗೆ ಹೋಗಲು ಮನಸ್ಸಿರಲಿಲ್ಲ. ಮೇಲಿನಿಂದ ಆಜ್ಞೆ ಬಂತು, ಹೊರಟ. ಅಕ್ಟೋಬರ್ ಎರಡನೇ ವಾರ, ಬಿರುಗಾಳಿ, ಹಿಮ. ಪ್ರೆಸ್ಕೀಲ್ ಹತ್ತಿರ ಬಂದ ಹಡಗು ಕಣ್ಮರೆಯಾಯಿತು. ಒಬ್ಬರೂ ಉಳಿಯಲಿಲ್ಲ. ಶಾರ್ಪ್‌ನ ಧಣಿಗಳಾದ ಫೇರ್‌ವೆಲ್ ಅಣ್ಣತಮ್ಮಂದಿರು ಸಾಕ್ಷಿ ಹೇಳಲು ಹೊರಟವರು. ಅವರು ಆ ಹಡಗು ಹತ್ತದೆ ತಮ್ಮ ಸಣ್ಣ ದೋಣಿಯಲ್ಲಿ ಬೇರೆ ಹೋದರು. ಅವರು ಕ್ಷೇಮವಾಗಿ ದಡ ಸೇರಿದರು.

ಸಾಲಿಸಿಟರ್ ಜನರಲ್ ರಾಬರ್ಟ್ ಗ್ರೇಯ ಜೊತೆಗೆ ಅವನ ಗುಲಾಮ ಸೈಮನ್ ಬೇಕರ್ ಇದ್ದ. ಹೌದು, ಕೆನಡಾದಲ್ಲೂ ಗುಲಾಮರಿದ್ದರು. ನಮಗೆ ಸಿಟಿಜನ್‌ಶಿಪ್ ಪರೀಕ್ಷೆಯ ಪುಸ್ತಕದಲ್ಲಿ ಅಮೆರಿಕದಿಂದ ಓಡಿಬಂದ ಗುಲಾಮರಿಗೆ ಕೆನಡಾ ಆಶ್ರಯ ಕೊಟ್ಟ ಭಾಗವೇ ಮನಸ್ಸಿನಲ್ಲಿ ಉಳಿಯುತ್ತದೆ. ಅದು ನಿಜ, ಆದರೆ ಅದಕ್ಕೆ ಮುಂಚಿನದೂ ನಿಜ. ಗ್ರೇ ತನ್ನ ಉಯಿಲಿನಲ್ಲಿ ಸೈಮನ್‌ನ ತಾಯಿ ಡೊರಿಂಡಾಳಿಗೂ ಅವಳ ಮಕ್ಕಳಿಗೂ ಬಿಡುಗಡೆ ಬರೆದಿಟ್ಟಿದ್ದ. ಸೈಮನ್‌ಗೆ ಭೂಮಿ ಸಹ ಬರೆದಿದ್ದ. ಉಯಿಲು ಜಾರಿಗೆ ಬರಬೇಕಾದರೆ ಗ್ರೇ ಸಾಯಬೇಕು. ಗ್ರೇ ಸತ್ತಾಗ ಸೈಮನ್ ಪಕ್ಕದಲ್ಲೇ ಇದ್ದ, ಅದೇ ಹಡಗಿನಲ್ಲಿ.

ಮಗಳು ಕೇಳಿದಳು, "ಆ ಹುಡುಗ ನಿಜವಾಗಿ ಕೊಲೆ ಮಾಡಿದ್ನಾ ಇಲ್ವಾ?" ವಿಚಾರಣೆ ನಡೆಯಲೇ ಇಲ್ಲವಲ್ಲ ಮಗಾ ಅಂದೆ. ಪ್ರೆಸ್ಕೀಲ್‌ನ ಜಿಲ್ಲಾಕೇಂದ್ರದ ಆಸೆಯನ್ನೂ ಸರ್ಕಾರ ಕೈಬಿಟ್ಟಿತು.

ಬ್ರೈಟನ್ ದಾಟಿ ಹೆದ್ದಾರಿ ಬಿಟ್ಟು ಇಳಿದರೆ ಕ್ಯಾರಿಯಿಂಗ್ ಪ್ಲೇಸ್ ಅಂತ ಒಂದು ಸಣ್ಣ ಊರು. ಹೊತ್ತೊಯ್ಯುವ ಜಾಗ ಅಂತ ಅರ್ಥ. ಒಂದು ಬದಿ ಸರೋವರ, ಇನ್ನೊಂದು ಬದಿ ಕ್ವಿಂಟಿ ಕೊಲ್ಲಿ, ನಡುವೆ ಕಿರಿದಾದ ನೆಲ. ಮೂಲನಿವಾಸಿಗಳು ದೋಣಿಯನ್ನೇ ಹೆಗಲ ಮೇಲೆ ಹೊತ್ತು ಇಲ್ಲಿ ದಾಟುತ್ತಿದ್ದರು. ನಮ್ಮ ಸಿಟಿಯ ಕಥೆಯ ಒಂದು ತುದಿ ಇಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮಿಸಿಸಾಗ ಅಂದರೆ ಒಂದು ಜನಾಂಗದ ಹೆಸರು. ಈ ಸರೋವರದ ಉತ್ತರ ದಡ ಅವರದ್ದಾಗಿತ್ತು. ನಾನು ಒಂಬತ್ತು ವರ್ಷದಿಂದ ಆ ಹೆಸರಿನ ಊರಲ್ಲಿ ಮನೆ ಮಾಡಿಕೊಂಡಿದ್ದೇನೆ. ಡ್ರೈವಿಂಗ್ ಲೈಸೆನ್ಸ್ ಮೇಲೆ, ಹೈಡ್ರೋ ಬಿಲ್ಲಿನ ಮೇಲೆ ಆ ಹೆಸರಿದೆ. ಅದು ಜನರ ಹೆಸರು ಅಂತ ತಿಳಿದದ್ದು ಮಗಳ ಶಾಲೆಯಲ್ಲಿ ಬೆಳಿಗ್ಗೆ ಓದುವ ನಾಲ್ಕು ಸಾಲಿನಿಂದ. ಇಲ್ಲಿನ ಶಾಲೆಗಳಲ್ಲಿ ಈ ನೆಲ ಯಾರದ್ದು ಅಂತ ದಿನಾ ಹೇಳಿ ಆಮೇಲೆ ಪಾಠ ಶುರು ಮಾಡುತ್ತಾರೆ. ನೆಲವನ್ನು ಮಾತ್ರ ಹಿಂದೆ ಕೊಡುವುದಿಲ್ಲ, ಅದು ಬೇರೆ ಮಾತು.

1783ರಲ್ಲಿ ಕ್ಯಾಪ್ಟನ್ ಕ್ರಾಫರ್ಡ್ ಎಂಬವನು ಇಲ್ಲಿಂದ ಪೂರ್ವಕ್ಕೆ ದಡದುದ್ದಕ್ಕೂ ಇದ್ದ ಭೂಮಿಯನ್ನು ಮಿಸಿಸಾಗ ಮುಖಂಡರಿಂದ ತೆಗೆದುಕೊಂಡ. ಬದಲಿಗೆ ಅವರ ಕುಟುಂಬಗಳಿಗೆ ಬಟ್ಟೆ, ಬಂದೂಕು ಇಲ್ಲದವರಿಗೆ ಬಂದೂಕು, ಚಳಿಗಾಲದ ಬೇಟೆಗೆ ಮದ್ದುಗುಂಡು, ಒಂದು ಡಜನ್ ಕೋಟಿಗಾಗುವಷ್ಟು ಕೆಂಪು ದಪ್ಪ ಬಟ್ಟೆ, ಅಷ್ಟೇ ಟೋಪಿ. ಇದು ಕ್ರಾಫರ್ಡ್‌ನೇ ತನ್ನ ಮೇಲಧಿಕಾರಿಗೆ ಬರೆದ ಲೆಕ್ಕ. ಮೂಲ ಪತ್ರ ಉಳಿದಿಲ್ಲ. 1787ರಲ್ಲಿ ಈ ಕ್ಯಾರಿಯಿಂಗ್ ಪ್ಲೇಸಿನಲ್ಲೇ ಇನ್ನೊಂದು ಮಾತುಕತೆ ಆಯಿತು, ಇಲ್ಲಿಂದ ಟೊರಾಂಟೊ ಕಡೆಯ ಭೂಮಿಗೆ. ದಡದಲ್ಲಿ ಹೊಡೆದ ಗುಂಡಿನ ಸದ್ದು ಎಲ್ಲಿಯ ತನಕ ಕೇಳುತ್ತದೋ ಅಲ್ಲಿಯ ತನಕ ಅಂತ ಒಳನಾಡಿನ ಗಡಿ. ಅದಕ್ಕೇ ಗುಂಡಿನ ಸದ್ದಿನ ಒಪ್ಪಂದ ಅಂತಲೇ ಹೆಸರು ಬಿತ್ತು. ಆಮೇಲೆ ಕಡತ ತೆಗೆದು ನೋಡಿದರೆ ಕರಾರು ಖಾಲಿ ಕಾಗದ! ಮುಖಂಡರ ಗುರುತುಗಳಿವೆ, ಯಾವ ಭೂಮಿ ಎಷ್ಟು ಅಂತ ಬರೆದೇ ಇಲ್ಲ. ಇದನ್ನು ಸರಿ ಮಾಡುತ್ತೇವೆ ಅಂತ 1923ರಲ್ಲಿ ಹೊಸ ಒಪ್ಪಂದ ಮಾಡಿಸಿ, ಅದರಲ್ಲಿ ಬೇಟೆ, ಮೀನುಗಾರಿಕೆಯ ಹಕ್ಕುಗಳನ್ನೂ ಕಿತ್ತುಕೊಂಡರು. ಕೋರ್ಟು ಕಚೇರಿ ಅಲೆದು ಕೊನೆಗೆ 2018ರಲ್ಲಿ ಕೆನಡಾ ಮತ್ತು ಒಂಟಾರಿಯೊ ಸರ್ಕಾರಗಳು ಸೇರಿ 111 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದವು, ಕ್ಷಮೆಯನ್ನೂ ಕೇಳಿದವು. 231 ವರ್ಷ! ನಮ್ಮಲ್ಲಿ ಲಿಂಗನಮಕ್ಕಿಯ ಮುಳುಗಡೆಯವರು, ಕಾರವಾರದ ಸೀಬರ್ಡಿನವರು ಇದನ್ನು ಓದಿದರೆ ನಗುತ್ತಾರೋ ಅಳುತ್ತಾರೋ ನೀವೇ ಹೇಳಿ.

ಇಷ್ಟು ಅವಸರದಲ್ಲಿ ಭೂಮಿ ಯಾಕೆ ಬೇಕಾಯಿತು ಅಂದರೆ ಲಾಯಲಿಸ್ಟರಿಗೆ. ರಾಜನಿಷ್ಠರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪರ ನಿಂತು ಸೋತವರು. ಮನೆ, ಹೊಲ ಎಲ್ಲ ಬಿಟ್ಟು 1783ರಲ್ಲಿ ನ್ಯೂಯಾರ್ಕಿನಿಂದ ಹಡಗಿನಲ್ಲಿ ಬಂದು, ಕ್ವಿಬೆಕ್‌ನ ಸೊರೆಲ್‌ನಲ್ಲಿ ಒಂದು ಚಳಿಗಾಲ ಕಳೆದು, ಮರುವರ್ಷ ಸೇಂಟ್ ಲಾರೆನ್ಸ್ ನದಿಯ ಮೇಲೆ ದೋಣಿ ತಳ್ಳಿಕೊಂಡು, ಎಳೆದುಕೊಂಡು ಈ ದಡಕ್ಕೆ ಬಂದರು. ನಿರಾಶ್ರಿತರೇ. ಅವರಲ್ಲಿ ಕೆಲವರು ತಮ್ಮ ಗುಲಾಮರನ್ನೂ ಜೊತೆಗೆ ತಂದಿದ್ದರು. ಮೋಹಾಕ್ ಜನರೂ ರಾಜನ ಪರ ಕಾದು ತಮ್ಮ ನೆಲ ಕಳೆದುಕೊಂಡವರು. 1784ರ ಮೇ 22ರಂದು ಅವರ ನಾಯಕ ಡೆಸೆರೊಂಟೊ ತನ್ನ ಜನರೊಡನೆ ಇದೇ ಕೊಲ್ಲಿಯಲ್ಲಿ ಇಳಿದ. ಅವರಿಗೆ 1793ರಲ್ಲಿ 92,700 ಎಕರೆ ಬರೆದುಕೊಟ್ಟರು. ಈಗ ಅವರ ಕೈಯಲ್ಲಿ ಉಳಿದದ್ದು ಸುಮಾರು 18,000.

33ನೇ ರಸ್ತೆ ಕನ್ಸೆಕಾನ್, ವೆಲಿಂಗ್ಟನ್, ಬ್ಲೂಮ್‌ಫೀಲ್ಡ್, ಪಿಕ್ಟನ್ ಅಂತ ಸಣ್ಣ ಸಣ್ಣ ಊರುಗಳ ನಡುವೆ ಹೋಗುತ್ತದೆ. ಪ್ರಿನ್ಸ್ ಎಡ್ವರ್ಡ್ ಕೌಂಟಿ ಅಂತ ಈ ಸೀಮೆಗೆ ಹೆಸರು. ಸೇಬಿನ ತೋಟ, ದ್ರಾಕ್ಷಿ ತೋಟ, ಮೇಪಲ್ ಮರಗಳು ಕೆಂಪಾಗಿ ನಿಂತಿದ್ದವು. ಫೋಟೋಗಳನ್ನು ಆಮೇಲೆ ಹಾಕುತ್ತೇನೆ. ಇಲ್ಲಿನವರು ಒಂದು ಕಾಲಕ್ಕೆ ಬಾರ್ಲಿ ಬೆಳೆದು ಸರೋವರದ ಆಚೆ ಅಮೆರಿಕದ ಬಿಯರ್ ಕಾರ್ಖಾನೆಗಳಿಗೆ ಕಳಿಸಿ ಭಾರೀ ದುಡ್ಡು ಮಾಡಿದರು. ಈಗ ನೀವು ನೋಡುವ ದೊಡ್ಡ ಇಟ್ಟಿಗೆ ಮನೆಗಳಲ್ಲಿ ಬಹಳಷ್ಟು ಬಾರ್ಲಿ ದುಡ್ಡಿನವೇ. 1890ರಲ್ಲಿ ಅಮೆರಿಕ ಆಮದು ಸುಂಕ ಏರಿಸಿತು, ವ್ಯಾಪಾರ ಮುಗಿಯಿತು. ಒಂದೇ ಬೆಳೆ, ಒಂದೇ ಗಿರಾಕಿ. ಅಡಿಕೆ ಬೆಳೆಯುವ ನಮ್ಮ ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿ.

ಪಿಕ್ಟನ್ ದಾಟಿ ಏಳೆಂಟು ಕಿ.ಮೀ. ಹೋದರೆ ರಸ್ತೆ ಇಳಿಜಾರಿನಲ್ಲಿ ಗ್ಲೆನೋರಾಕ್ಕೆ ಇಳಿಯುತ್ತದೆ. ಎಡಕ್ಕೆ ಕೊಲ್ಲಿಯ ನೀರು, ಬಲಕ್ಕೆ ಕಡಿದಾದ ಗುಡ್ಡ. ಆ ಗುಡ್ಡದ ನೆತ್ತಿಯ ಮೇಲೆ, ಕೊಲ್ಲಿಗಿಂತ ಸುಮಾರು 60 ಮೀಟರ್ ಎತ್ತರದಲ್ಲಿ ಒಂದು ಕೆರೆ ಇದೆ. ನಿಂತ ಕಡೆಯಿಂದ ಹಿಂದೆ ತಿರುಗಿದರೆ ತುಂಬಿದ ಕೆರೆ, ಮುಂದೆ ನೋಡಿದರೆ ಪಾತಾಳದಲ್ಲಿ ಕೊಲ್ಲಿ. ಈ ನೀರು ಎಲ್ಲಿಂದ ಬರುತ್ತದೆ ಅಂತ ಜನ ಬಹಳ ಕಾಲ ತಲೆಕೆಡಿಸಿಕೊಂಡಿದ್ದರು. ಮೋಹಾಕರು ಇದನ್ನು ದೇವರ ಕೆರೆ ಅನ್ನುತ್ತಿದ್ದರು. ಲಾಯಲಿಸ್ಟರ ಮುಂದಾಳು ಮೇಜರ್ ಪೀಟರ್ ವ್ಯಾನ್ ಆಲ್‌ಸ್ಟೈನ್‌ಗೆ ಕಂಡದ್ದು ಬೇರೆ. ಮೇಲಿನಿಂದ ಬೀಳುವ ನೀರಿಗೆ ಚಕ್ರ ಹೂಡಿ, ಕೆಳಗೆ 1796ರಲ್ಲಿ ಹಿಟ್ಟಿನ ಗಿರಣಿ ಹಾಕಿದ. ಗಿರಣಿ ಬಂದ ಕಡೆ ಜನ ಬರುತ್ತಾರೆ, ಜನ ಬಂದ ಕಡೆ ತಾರಿ ಬರುತ್ತದೆ. ಮುಂದೆ 1830ರ ಆಸುಪಾಸಿನಲ್ಲಿ ಈ ಊರಿನ ಗಿರಣಿ ನಡೆಸಿದ ಹ್ಯೂ ಮ್ಯಾಕ್‌ಡೊನಾಲ್ಡ್‌ನ ಮಗನೇ ಜಾನ್ ಎ. ಮ್ಯಾಕ್‌ಡೊನಾಲ್ಡ್, 1867ರಲ್ಲಿ ಕೆನಡಾದ ಮೊದಲ ಪ್ರಧಾನಿಯಾದವನು.

ತಾರಿಯಲ್ಲಿ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಕಾರು ಹಿಡಿಯುತ್ತವೆ. ರಜೆ ಆದ್ದರಿಂದ ಸಾಲು ಉದ್ದ ಇತ್ತು, ಎರಡು ತಾರಿ ಬಿಟ್ಟು ಮೂರನೆಯದರಲ್ಲಿ ನಮಗೆ ಜಾಗ ಸಿಕ್ಕಿತು. ದೂರ ಬರೀ ಒಂದು ಕಿ.ಮೀ. ಹತ್ತಿರ, ಕಾಲು ಗಂಟೆಯ ಹಾದಿ. ಕಿತ್ತಳೆ ಜಾಕೆಟ್ ಹಾಕಿದ ಹುಡುಗಿಯೊಬ್ಬಳು ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸಿದಳು. ಎಂಜಿನ್ನಿನ ನಡುಕ ಅಂಗಾಲಿಗೆ ಬರುತ್ತಿದ್ದ ಹಾಗೇ ನಾನು ಕಾರಿನಿಂದ ಇಳಿದು ಕಟಾಂಜನ ಹಿಡಿದು ನಿಂತೆ. ಡೀಸೆಲ್ ವಾಸನೆ, ತಣ್ಣನೆ ಗಾಳಿ. ನನಗೆ ಬೇರೆ ಎಲ್ಲೋ ನಿಂತ ಹಾಗೆ ಆಯಿತು. ಎಲ್ಲಿ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಅಕ್ಕನನ್ನು, ದೊಡ್ಡಪ್ಪನ ಮಗಳನ್ನು, ತುಮರಿ ಕಡೆ ಕೊಟ್ಟಿದ್ದು. ಅವಳ ಮನೆಗೆ ಹೋಗುವಾಗೆಲ್ಲ ಅಂಬಾರಗೋಡ್ಲಿನ ಲಾಂಚಿನಲ್ಲಿ ಹೀಗೇ ನಿಂತಿದ್ದೆ, ಬಸ್ಸಿನ ಪಕ್ಕ, ಸಿಗಂದೂರಿಗೆ ಹೋಗುವವರ ನಡುವೆ.

ಅದೇ ಶರಾವತಿ. ನಮ್ಮನೆ ಕೆಳಗೆ, ಅಕ್ಕನ ಮನೆ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಹಿನ್ನೀರು ನಿಂತ ಮೇಲೆ ಆಚೆಯವರಿಗೆ ಸಾಗರ ಪೇಟೆ ದೂರವಾಯಿತು. ಲಾಂಚು ಬಂದದ್ದು ಅದಕ್ಕೆ. ನಾಡಿಗೆಲ್ಲ ಕರೆಂಟು ಕೊಟ್ಟವರು ಕತ್ತಲಾದ ಮೇಲೆ ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ, ಸಂಜೆಯಾದರೆ ಲಾಂಚಿಲ್ಲ. ಹೋದ ಜುಲೈ 14ಕ್ಕೆ, 2025ರಲ್ಲಿ, ಅಲ್ಲಿ ಸೇತುವೆ ಉದ್ಘಾಟನೆ ಆಯಿತಲ್ಲ, ಎರಡೂವರೆ ಕಿ.ಮೀ. ಹತ್ತಿರದ್ದು, ಆಗ ನಮ್ಮ ಗ್ರೂಪಿನಲ್ಲಿ ಎಷ್ಟೊಂದು ಜನ ಬೇಸರಪಟ್ಟು ಬರೆದಿರಿ. ಲಾಂಚಿನ ಮಜಾ ಹೋಯಿತು, ಇನ್ನು ಅದೂ ಒಂದು ರಸ್ತೆ ಅಷ್ಟೇ, ಅಂತ. ನಾನೂ ಒಂದು ಅಳುವ ಮುಖ ಹಾಕಿದ್ದೆ. ಅಕ್ಕ ಮಾತ್ರ ಏನೂ ಬರೆಯಲಿಲ್ಲ. ಆಮೇಲೆ ಫೋನ್ ಮಾಡಿ ಹೇಳಿದಳು: "ನಿಮಗೆಲ್ಲ ವರ್ಷಕ್ಕೊಂದು ಸಲ ಬಂದು ಫೋಟೋ ತೆಗ್ಯೂಕೆ ಲಾಂಚ್ ಬೇಕು. ಮಾವಂಗೆ ಎದೆನೋವು ಬಂದ ರಾತ್ರಿ ಬೆಳಗಾಗೂ ವರೆಗೆ ಅವರ ಕೈ ಹಿಡ್ಕಂಡು ಕೂತವಳು ನಾನು." ಅವಳ ಮಾವ ಉಳಿದರು. ಸುತ್ತುದಾರಿ ಹಿಡಿದು ಹೋಗುವಷ್ಟು ಸಮಯ ಇದೆಯೋ ಇಲ್ಲವೋ ಅಂತ ಯೋಚಿಸುತ್ತಲೇ ಬೆಳಗಾಗಿತ್ತಂತೆ.

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡುವವಳು. ಎದೆನೋವಿನವರು ಬಾಗಿಲಿಗೆ ಬಂದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು ಅಂತ ಗಡಿಯಾರ ನೋಡುತ್ತ ಓಡುವವಳು. ಅಕ್ಕನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅಳುವ ಮುಖವನ್ನು ತೆಗೆದುಹಾಕಿದೆ, ಯಾರಾದರೂ ಗಮನಿಸಿದಿರೋ ಇಲ್ಲವೋ.

ಗ್ಲೆನೋರಾದ ತಾರಿ ಚಂದ ಯಾಕೆ ಅಂದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಕೊಲ್ಲಿಗೆ ಬೆಲ್ವಿಲ್ ಹತ್ತಿರ ಒಂದು ಸೇತುವೆ ಇದೆ, ಡೆಸೆರೊಂಟೊ ಹತ್ತಿರ ಇನ್ನೊಂದು. ಪಿಕ್ಟನ್‌ನಲ್ಲೇ ಆಸ್ಪತ್ರೆ ಇದೆ. ಅವಸರ ಇದ್ದವರು ಸುತ್ತಿ ಹೋಗುತ್ತಾರೆ, ಇಲ್ಲದವರು ತಾರಿಗೆ ಬರುತ್ತಾರೆ. 1804ರಲ್ಲಿ ಸ್ಪೀಡಿ ಹತ್ತಿದವರಿಗೆ, ನಮ್ಮ ಅಮ್ಮಮ್ಮನ ಕಾಲದ ಕಾಸರಕೋಡಿನವರಿಗೆ ಆ ಆಯ್ಕೆ ಇರಲಿಲ್ಲ.

ತಾರಿಯಿಂದ ಇಳಿದರೆ ಅಡಾಲ್ಫಸ್‌ಟೌನ್. ಈ ಹೆಸರುಗಳ ಬಗ್ಗೆ ಒಂದು ತಮಾಷೆ. ಮೂರನೇ ಜಾರ್ಜನಿಗೆ ಹದಿನೈದು ಮಕ್ಕಳು. ಹೊಸದಾಗಿ ಅಳೆದ ಪ್ರತಿ ಹೋಬಳಿಗೂ ಒಂದೊಂದು ಮಗುವಿನ ಹೆಸರು: ಅರ್ನೆಸ್ಟ್‌ಟೌನ್, ಫ್ರೆಡರಿಕ್ಸ್‌ಬರ್ಗ್, ಅಡಾಲ್ಫಸ್‌ಟೌನ್, ಮೇರಿಸ್‌ಬರ್ಗ್, ಸೋಫಿಯಾಸ್‌ಬರ್ಗ್, ಅಮೀಲಿಯಾಸ್‌ಬರ್ಗ್. ಕಿಂಗ್‌ಸ್ಟನ್ ಅಪ್ಪನಿಗೆ. ಇಡೀ ದಡ ರಾಜನ ಮನೆಯ ರೇಷನ್ ಕಾರ್ಡಿನ ಹಾಗಿದೆ.

ವ್ಯಾನ್ ಆಲ್‌ಸ್ಟೈನ್‌ನ ತಂಡ ಇಲ್ಲಿ ಇಳಿದದ್ದು 1784ರ ಜೂನ್ 16ರಂದು. ಅದಕ್ಕೆ ಮೂರು ತಿಂಗಳ ಹಿಂದೆ, ಮಾರ್ಚ್ 11ಕ್ಕೆ, ಮಂಗಳೂರಿನಲ್ಲಿ ಟಿಪ್ಪುವಿಗೂ ಕಂಪನಿಗೂ ಒಪ್ಪಂದ ಆಗಿತ್ತು. ನಮ್ಮ ಹೊನ್ನಾವರದ ಕೋಟೆಯೊಳಗೆ ಆ ಹೊತ್ತಿಗೆ ಕ್ಯಾಪ್ಟನ್ ಟೊರಿಯಾನೊ ಎಂಬವನು ತನ್ನ ಪಡೆಯೊಂದಿಗೆ ಮೈಸೂರಿನ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ. ಒಪ್ಪಂದ ಆದ ಮೇಲೆ ಅವರು ಹೊರಟರು. ಭೂಮಿಯ ಒಂದು ಬದಿಯಲ್ಲಿ ಜಾರ್ಜನ ಜನ ಗಂಟುಮೂಟೆ ಕಟ್ಟಿಕೊಂಡು ದಡ ಬಿಡುತ್ತಿದ್ದಾಗ, ಇನ್ನೊಂದು ಬದಿಯಲ್ಲಿ ಗಂಟುಮೂಟೆ ಹಿಡಿದು ದಡಕ್ಕೆ ಇಳಿಯುತ್ತಿದ್ದರು.

ಇಳಿದ ಜಾಗದಲ್ಲಿ ಈಗ ಒಂದು ಪಾರ್ಕ್, ಒಂದು ಸಣ್ಣ ಮ್ಯೂಸಿಯಂ, ಒಂದು ಸ್ಮಶಾನ. ಬಂದವರಿಗೆ ಸರ್ಕಾರ ಮೂರು ವರ್ಷ ಪಡಿತರ ಕೊಟ್ಟಿತು. ಅದು ನಿಂತ ಮೇಲೆ 1788–89ರಲ್ಲಿ ಬೆಳೆ ಹಾಳಾಗಿ ಹಸಿವಿನ ವರ್ಷ ಅಂತಲೇ ಹೆಸರಾದ ಬರ ಬಂತು. ಮರದ ಚಿಗುರು, ಬೇರು ಬೇಯಿಸಿ ತಿಂದರು. ಘಟ್ಟದ ಮೇಲೆ ಡೋಗಿ ಬರ ಬಿದ್ದದ್ದೂ ಹೆಚ್ಚುಕಡಿಮೆ ಅದೇ ಕಾಲ.

ಸ್ಮಶಾನ ಹೇಗೆ ಶುರುವಾಯಿತು ಅಂತ ಇಲ್ಲಿ ಹೇಳುತ್ತಾರೆ. ಇಳಿದ ಕೆಲವೇ ದಿನದಲ್ಲಿ ಒಂದು ಮಗು ತೀರಿಕೊಂಡಿತು. ಊರಿಲ್ಲ, ಚರ್ಚಿಲ್ಲ, ಮನೆಯಿಲ್ಲ, ಡೇರೆಗಳಷ್ಟೇ. ದಡದ ಹತ್ತಿರ ಒಂದು ಮರದ ಕೆಳಗೆ ಮಣ್ಣು ಮಾಡಿದರು. ಆಮೇಲೆ ಸತ್ತವರನ್ನೆಲ್ಲ ಅದರ ಸುತ್ತ ಮಣ್ಣು ಮಾಡುತ್ತ ಹೋದರು. ಬೇರೆಯವರ ಹೆಸರಿನ ಕಲ್ಲುಗಳಿವೆ. ಮಗುವಿನ ಹೆಸರು ನನಗೆ ಎಲ್ಲೂ ಕಾಣಲಿಲ್ಲ.

ಅಮ್ಮನಿಗೆ ಒಬ್ಬ ಅಕ್ಕ ಇದ್ದಳು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೆ ಗೊತ್ತಾದದ್ದು ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಗ, ಹೆರಿಗೆ ವಾರ್ಡಿನ ಪೋಸ್ಟಿಂಗ್ ಮುಗಿಸಿ ಊರಿಗೆ ಬಂದಿದ್ದಾಗ. ಅಮ್ಮಮ್ಮನೇ ಹೇಳಿದರು, ಅಕ್ಕಿ ಆರಿಸುತ್ತ. ಹೊಳೆಗೆ ಸೇತುವೆ ಬರುವ ಮೊದಲಿನ ಮಾತು. ಆಷಾಢದ ಮಳೆ, ನೋವು ಶುರುವಾದದ್ದು ರಾತ್ರಿ. ಆಸ್ಪತ್ರೆ ಹೊಳೆಯಾಚೆ ಹೊನ್ನಾವರದಲ್ಲಿ. ಅಜ್ಜ ಲಾಟೀನು ಹಿಡಿದು ತಾರಿಬಾಗಿಲಿಗೆ ಹೋದರು. ನೀರು ಅಳಿವೆಯ ಕಡೆಗೆ ಮರಗಳನ್ನು ಎಳೆದುಕೊಂಡು ಹೋಗುತ್ತಿತ್ತಂತೆ. ಅಂಬಿಗ ದೋಣಿ ಬಿಡಲಿಲ್ಲ. "ಅವಂದೆಂತ ತಪ್ಪಿಲ್ಲ, ಅಂವ ಅಳ್ತಿದ್ದ" ಅಂದರು ಅಮ್ಮಮ್ಮ. ಬೆಳಗಿನ ಜಾವ ಮನೆಯಲ್ಲೇ ಹೆರಿಗೆ ಆಯಿತು. ಮಗು ಮಧ್ಯಾಹ್ನದ ತನಕ ಇತ್ತು. ಹಿತ್ತಲಾಚೆ ಹೊನ್ನೆ ಮರದ ಬುಡದಲ್ಲಿ ಇಟ್ಟರು. ಹೆಸರಿಡುವ ದಿನ ಬರಲಿಲ್ಲ.

ನಾನು ಆಗ ಓದಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದ್ದೆ. ಉಸಿರಾಟಕ್ಕೆ ತೊಂದರೆ ಇತ್ತೋ, ಸೋಂಕೋ, ಬರೀ ಬಿಸಿ ಮಾಡಿಟ್ಟಿದ್ದರೆ ಸಾಕಿತ್ತೋ. ಅಮ್ಮಮ್ಮನ ಹತ್ತಿರ ಕೇಳಲಿಲ್ಲ. ಈಗ ಕೇಳುವ ಹಾಗೂ ಇಲ್ಲ.

ಅಡಾಲ್ಫಸ್‌ಟೌನಿನಲ್ಲಿ ನಾನು ಎಷ್ಟು ಹೊತ್ತು ನಿಂತೆನೋ, ನಮ್ಮನೆಯವರು ಬಂದು ಹಾರನ್ ಮಾಡಬೇಕೋ ಬೇಡವೋ ಎಂಬಂತೆ ಕಾರಿನ ಹತ್ತಿರ ಅತ್ತಿತ್ತ ನಡೆಯುತ್ತಿದ್ದರು. ಮಗಳು ಎಲ್ಲಿಂದಲೋ ಒಂದು ಕೆಂಪು ಮೇಪಲ್ ಎಲೆ ತಂದು ಕೊಟ್ಟಳು. ಅದನ್ನು ಅಲ್ಲೇ ಹುಲ್ಲಿನ ಮೇಲೆ ಇಟ್ಟು ಬಂದೆ.

ಅಲ್ಲಿಂದ ಮುಂದೆ ಬಾತ್, ಆಮ್ಹರ್ಸ್ಟ್‌ವ್ಯೂ, ಕಿಂಗ್‌ಸ್ಟನ್. ರಸ್ತೆ ಎಷ್ಟೋ ಕಡೆ ನೀರಿಗೆ ತಾಗಿಯೇ ಹೋಗುತ್ತದೆ, ಮುರುಡೇಶ್ವರದ ಹತ್ತಿರ ನಮ್ಮ ಹೆದ್ದಾರಿ ಹೋಗುವುದಕ್ಕಿಂತ ಹತ್ತಿರ. ಬಾತ್ ಆದ ಮೇಲೆ ಮಿಲ್‌ಹೇವನ್‌ನಲ್ಲಿ ಒಂದು ದೊಡ್ಡ ಜೈಲಿದೆ. ಇಷ್ಟು ಒಳ್ಳೆ ಜಾಗದಲ್ಲಿ ಜೈಲು ಕಟ್ಟಿದ್ದಾರಲ್ಲ ಅಂತ ನಮ್ಮನೆಯವರು. ಕಿಂಗ್‌ಸ್ಟನ್‌ನಲ್ಲಿ ಪಂಜಾಬಿ ಊಟ ಸಿಕ್ಕಿತು, ಉಪ್ಪು ಜಾಸ್ತಿ. ವಾಪಸ್ ಬರುವಾಗ ಕತ್ತಲಾಗಿತ್ತು, ಮರುದಿನ ಬೆಳಿಗ್ಗೆ ಏಳಕ್ಕೆ ಡ್ಯೂಟಿ, 401 ಹಿಡಿದು ನೇರ ಬಂದೆವು.

ಮನೆ ಮುಟ್ಟಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಆ ಹೊನ್ನೆ ಮರ ಈಗ ಇದೆಯಾ ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಂಟು. ನೀರಿನ ಟ್ಯಾಂಕಿ ಕಟ್ಸುವಾಗ ಕಡಿಯೂಕೆ ಹೊರಟಿದ್ರು, ನಾನೇ ಬೇಡ ಅಂದೆ. ಎಂತಕ್ಕೆ ಕೇಳ್ದೆ?" ಅಂದಳು.

ಫೋಟೋಗಳು ನಾಳೆ ಹಾಕುತ್ತೇನೆ. ಹೊನ್ನೆ ಮರದ್ದು ಒಂದು, ಯಾರಾದರೂ ಆ ಕಡೆ ಹೋದಾಗ ತೆಗೆದು ನನಗೆ ಕಳಿಸಿ.